ತಾಯಿಯ ಇಪ್ಪತ್ತು ಹೆಜ್ಜೆ

ನಾಯಿ ತಳಿ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ಮೊಹರಿರುವ ಕಾಗದ ಬಹಳ ಚೆನ್ನಾಗಿದೆ. ದಪ್ಪ ಕಾಗದ, ಬಂಗಾರದ ಬಣ್ಣದ ಅಂಚು, ಮಡಚಿದರೂ ಗೆರೆ ಬೀಳುವುದಿಲ್ಲ. ಅದರ ಜೊತೆಗೆ ಬಂದ ನಾಯಿಮರಿಗೆ ಮಾತ್ರ ಒಂಬತ್ತು ತಿಂಗಳಿಗೇ ಎದ್ದು ನಿಲ್ಲುವುದು ಕಷ್ಟವಾಗಿದೆ. ನನ್ನ ದೂರು ಇಷ್ಟೇ. ಇದನ್ನು ಎರಡು ಸಾಲಿನಲ್ಲಿ ಬರೆದು ಎರಡು ಸಲ ಕಳಿಸಿದ್ದೆ. ಎರಡನೆಯದಕ್ಕೆ ಉತ್ತರ ಬಂತು: "ತಳಿಯ ಶುದ್ಧತೆಯ ಕುರಿತು ಆಕ್ಷೇಪಣೆ ಇದ್ದಲ್ಲಿ ಮಾತ್ರ ಪರಿಶೀಲಿಸಲಾಗುವುದು. ಆರೋಗ್ಯದ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ." ಚಿಕ್ಕದಾಗಿ ಹೇಳಿದ್ದು ತಮಗೆ ರುಚಿಸಲಿಲ್ಲ ಎಂದು ತಿಳಿದು, ಈಗ ಉದ್ದವಾಗಿ, ಹತ್ತು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಮ್ಮ ಕಡೆ ಕತೆ ಹೇಳುವವನಿಗೆ ಒಂದು ಲೋಟ ಕಾಫಿ ಕೊಟ್ಟು ಕೂರಿಸುತ್ತಾರೆ. ತಾವು ಕಾಫಿ ಕೊಡದಿದ್ದರೂ ಬೇಡ, ಕೂತು ಕೇಳಿ.

ನಾನು ಹಗರೆಯವನು. ಹಾಲಿನ ಸೊಸೈಟಿಯಲ್ಲಿ ಮೂವತ್ತೊಂದು ವರ್ಷ ಹಾಲು ಪರೀಕ್ಷೆ ಮಾಡಿ ನಿವೃತ್ತನಾದೆ. ಹಾಲು ನೋಡಿದವನಿಗೆ ಹಸುವೂ ಗೊತ್ತಿರುತ್ತದೆ ಎಂದು ಜನರ ನಂಬಿಕೆ. ಹಾಗಾಗಿ ಗೆಂಡೆಹಳ್ಳಿಯಿಂದ ಅರೇಹಳ್ಳಿಯವರೆಗೆ ಯಾರು ಹಸು, ಕರು ಕೊಳ್ಳುವುದಿದ್ದರೂ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ನಾನು ಸುಳಿ ನೋಡುತ್ತಿದ್ದೆ, ಹಲ್ಲು ನೋಡುತ್ತಿದ್ದೆ, ಗೊರಸು ತಟ್ಟುತ್ತಿದ್ದೆ. ಎಲ್ಲ ಮುಗಿದ ಮೇಲೆ ಕೊನೆಯ ಮಾತು ಒಂದೇ: "ಎಲ್ಲಿ, ತಾಯೀನ ಬಿಚ್ಚಿ." ಮಾರುವವನು ಕರುವಿನ ತಾಯಿಯನ್ನು ಗೂಟದಿಂದ ಬಿಚ್ಚಿ ಇಪ್ಪತ್ತು ಹೆಜ್ಜೆ ನಡೆಸಿ ತೋರಿಸಬೇಕು. ಅದು ನಮ್ಮ ಕಡೆಯ ಪದ್ಧತಿ. ಕರು ಇವತ್ತು ಹೇಗಾದರೂ ಕುಣಿಯುತ್ತದೆ, ನಾಳೆ ಹೇಗೆ ನಡೆಯುತ್ತದೆ ಎನ್ನುವುದು ತಾಯಿಯ ಕಾಲಿನಲ್ಲಿರುತ್ತದೆ. ತಾಯಿಯನ್ನು ಬಿಚ್ಚಲು ಹಿಂದೆ ಮುಂದೆ ನೋಡಿದವನ ಕೊಟ್ಟಿಗೆಯಿಂದ ನಾನು ಒಂದು ಹುಲ್ಲುಕಡ್ಡಿಯನ್ನೂ ಕೊಳ್ಳಲು ಬಿಟ್ಟವನಲ್ಲ.

ಇಂಥವನಿಗೆ ನಾಯಿ ಯಾಕೆ ಬೇಕಾಯಿತು ಎಂದು ತಾವು ಕೇಳಬಹುದು. ಬೇಕಾದದ್ದು ನನಗಲ್ಲ, ನನ್ನ ಹೆಂಡತಿ ಲಕ್ಕಮ್ಮನಿಗೆ. ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಒಂದು ಗಂಟೆ ನಡೆಯಮ್ಮ ಎಂದು ಡಾಕ್ಟರು ಹೇಳಿದರು. ಗದ್ದೆ ಕೆಲಸದಲ್ಲಿ ಹತ್ತು ಮೈಲಿ ನಡೆದವಳು ಈಗ ಒಂದು ಹೆಜ್ಜೆ ಎತ್ತಿಡಲು ಒಪ್ಪಲಿಲ್ಲ. "ಕೈಯಾಗೆ ಕುಡುಗೋಲಿಲ್ಲ, ತಲೆ ಮೇಲೆ ಹೊರೆ ಇಲ್ಲ. ಸುಮ್ಸುಮ್ನೆ ಮೇನ್ ರೋಡ್ನಾಗೆ ಹೋಗಿ ಸುಮ್ಸುಮ್ನೆ ವಾಪಸ್ ಬಂದ್ರೆ ಜನ ಏನಂದ್ಕಂಡಾರು? ಲಕ್ಕಮ್ಮಂಗೆ ತಲೆ ಕೆಟ್ಟೈತೆ ಅಂತಾರೆ ಅಷ್ಟೆ." ಕೆಲಸವಿಲ್ಲದ ನಡಿಗೆ ನಮ್ಮೂರ ಹೆಂಗಸರಿಗೆ ಇನ್ನೂ ಅಭ್ಯಾಸವಾಗಿಲ್ಲ, ಮಾನ್ಯರೇ. ಆಗ ಬೇಲೂರಿನಲ್ಲಿ ಟೀಚರಾಗಿರುವ ನಮ್ಮ ಮಗಳು ಯಶೋಧರಾ ಉಪಾಯ ಹೇಳಿದಳು. "ಒಂದು ನಾಯಿ ಸಾಕವ್ವ. ಅದನ್ನ ತಿರುಗಾಡ್ಸೋದೇ ನಿನ್ನ ಕೆಲ್ಸ. ಯಾರೂ ಏನೂ ಕೇಳಲ್ಲ." ಲಕ್ಕಮ್ಮನಿಗೆ ಇದು ಹಿಡಿಸಿತು. ನಡೆಸುವ ನಾಯಿ ಎಂದ ಮೇಲೆ ಒಳ್ಳೆಯದೇ ಇರಲಿ, ಲ್ಯಾಬ್ರಡಾರ್ ಇರಲಿ ಎಂದಾಯಿತು.

ಬೇಲೂರು, ಹಳೇಬೀಡು, ಜಾವಗಲ್ ದಾಟಿ ಅರಸೀಕೆರೆಗೆ ಹೋದೆವು. ಮಾರುವವರ ಹೆಸರು ಇಂದ್ರೇಶ್. ತೆಂಗಿನಕಾಯಿ ವ್ಯಾಪಾರದ ಮನೆತನ, ಬಾಯಿ ತುಂಬ ಮರ್ಯಾದೆ ಇರುವ ಮನುಷ್ಯ. ಮುಂದಿನ ಕೋಣೆಯ ಗೋಡೆಯಲ್ಲಿ ತಮ್ಮ ಕಚೇರಿಯ ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ, ಮೇಲೆ ಒಂದು ಹೂವನ್ನೂ ಇಟ್ಟಿದ್ದರು. ಮರಿಯನ್ನು ತಂದು ನಮ್ಮ ಮುಂದೆ ಬಿಟ್ಟರು. ಒಡೆದ ಕೊಬ್ಬರಿ ಹೋಳಿನ ಬಣ್ಣ. ನಾನು ಸುಮ್ಮನಿರಲಾರದೆ ನೆತ್ತಿ ಸವರಿ ಸುಳಿ ಹುಡುಕಿದೆ, ಬಾಯಿ ಬಿಡಿಸಿ ಹಲ್ಲು ನೋಡಿದೆ, ಪಾದ ಒತ್ತಿದೆ. ಇಂದ್ರೇಶ್ ನಗುತ್ತ, "ಅಂಕಲ್, ಇದು ಹಾಲು ಕೊಡಲ್ಲ" ಎಂದರು. ಎಲ್ಲರೂ ನಕ್ಕೆವು. ನಗುತ್ತಲೇ ನಾನು ಕೇಳಿದೆ: "ಇದರ ತಾಯಿ ಎಲ್ಲಪ್ಪ?"

"ತಾಯಿ ಹತ್ರ ಹೊರಗಿನೋರ್ನ ಬಿಡಲ್ಲ ಅಂಕಲ್, ಇನ್ಫೆಕ್ಷನ್ ಆಗುತ್ತೆ. ತಾಯಿದೆಲ್ಲ ಇದ್ರಲ್ಲೇ ಐತಲ್ಲ" ಎಂದು ತಮ್ಮ ಕಚೇರಿಯ ಮೊಹರಿನ ಕಾಗದವನ್ನು ನನ್ನ ಕೈಗಿಟ್ಟರು.

ಅಲ್ಲಿ ನಾನು ಸೋತೆ. ಐದು ತಲೆಮಾರು, ಮಾನ್ಯರೇ! ನನ್ನ ತಾತನ ಅಪ್ಪನ ಹೆಸರು ನನಗೆ ಗೊತ್ತಿಲ್ಲ, ನಮ್ಮಂಥವರ ವಂಶಾವಳಿ ಬರೆದಿಡುವ ಕಷ್ಟವನ್ನು ಯಾವ ಕಚೇರಿಯೂ ತೆಗೆದುಕೊಂಡಿರಲಿಲ್ಲ. ಈ ಮರಿಗಾದರೋ ಮುತ್ತಜ್ಜಿಯ ಅಜ್ಜಿಯ ಹೆಸರೂ ಇತ್ತು. ಒಬ್ಬಳು ರಾಜಕುಮಾರಿ, ಒಬ್ಬ ಚಕ್ರವರ್ತಿ, ಇಬ್ಬರು ಚಾಂಪಿಯನ್‌ಗಳು. ಅಷ್ಟು ದೊಡ್ಡ ಮನೆತನದವರ ಮುಂದೆ "ತಾಯೀನ ಬಿಚ್ಚಿ" ಎನ್ನಲು ನಾಲಿಗೆ ಏಳಲಿಲ್ಲ. ಮೂವತ್ತೊಂದು ವರ್ಷದ ವಿದ್ಯೆಯನ್ನು ಒಂದು ಹಾಳೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು, ಮರಿಯನ್ನು ಎತ್ತಿಕೊಂಡು ಬಂದೆ. ಕಾಗದದಲ್ಲಿದ್ದ ಹೆಸರು ಲಕ್ಕಮ್ಮನ ಬಾಯಿಗೆ ಹೊರಳಲಿಲ್ಲ. ಬಸ್ಸಿನಲ್ಲೇ ಅವಳು "ಕೊಬ್ರಿ" ಎಂದು ಕರೆದಳು. ಅವನು ಬಾಲ ಆಡಿಸಿದ. ನಾಮಕರಣ ಮುಗಿಯಿತು.

ಊರಿಗೆ ಬಂದರೆ ಪಕ್ಕದ ಮನೆಯ ಭೀಮರಾಜ್ ಬೇಲಿಯ ಮೇಲಿಂದ ಇಣುಕಿ, "ಏನಣ್ಣ, ಜಯಂತಿ ದಿನ ಮೈಕ್ ಹಿಡ್ದು ಜಾತಿ ಬ್ಯಾಡ, ಜಾತಿ ಬ್ಯಾಡ ಅಂತೀಯ. ಈಗ ನೋಡುದ್ರೆ ಅರಸೀಕೆರೆಗಂಟ ಹೋಗಿ ಜಾತಿ ನಾಯಿ ತಂದಿದ್ದೀಯಲ್ಲ!" ಎಂದ. ನಾನು ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡವನು. ರಕ್ತ ಶುದ್ಧವಾಗಿದೆ ಎಂದು ಬರೆದುಕೊಟ್ಟರೆ ಉಳಿದದ್ದೆಲ್ಲ ತಾನೇ ಸರಿ ಇರುತ್ತದೆ ಎಂಬ ಮಾತನ್ನು ನಂಬಬೇಡಿ ಎಂದು ಜನ್ಮವೆಲ್ಲ ಹೇಳಿ, ಕೊನೆಗೆ ನಾಯಿಯ ವಿಷಯದಲ್ಲಿ ನಂಬಿದೆ.

ಮೂರು ತಿಂಗಳು ಎಲ್ಲ ಸರಿಯಿತ್ತು. ಲಕ್ಕಮ್ಮ ಸೆರಗು ಬಿಗಿದು ಹಗ್ಗ ಹಿಡಿದು ಹೊರಟರೆ ಬಸ್‌ಸ್ಟ್ಯಾಂಡಿನವರು ದಾರಿ ಬಿಡುತ್ತಿದ್ದರು. ಕೊಬ್ರಿಗೆ ಐದು ತಿಂಗಳು ತುಂಬಿದ ಮೇಲೆ ಅವನು ಓಡುವಾಗ ಹಿಂದಿನ ಎರಡೂ ಕಾಲನ್ನು ಮೊಲದ ಹಾಗೆ ಜೋಡಿಸಿ ಹಾರಲು ಶುರು ಮಾಡಿದ. ನೋಡಿದವರಿಗೆ ತಮಾಷೆ. ಆಮೇಲೆ ಮೆಟ್ಟಿಲ ಹತ್ತಿರ ನಿಂತು ನಮ್ಮ ಮುಖ ನೋಡತೊಡಗಿದ. ಆಮೇಲೆ ಏಳುವಾಗ ಮುಂಗಾಲು ಊರಿ ಹಿಂಭಾಗವನ್ನು ಎಳೆದುಕೊಳ್ಳತೊಡಗಿದ. ಒಂದು ದಿನ ರಸ್ತೆಯ ಅರ್ಧದಲ್ಲಿ ಕೂತುಬಿಟ್ಟ. ಇಪ್ಪತ್ತು ಕೆಜಿಯ ಮರಿಯನ್ನು ಎತ್ತಲಾರದೆ ಲಕ್ಕಮ್ಮ ಅವನ ಪಕ್ಕದಲ್ಲೇ, ಮೇನ್ ರೋಡಿನ ಮಣ್ಣಿನಲ್ಲಿ ಕೂತಿದ್ದಳು. ಸುಮ್ಮನೆ ನಡೆದರೆ ಜನ ಏನನ್ನುತ್ತಾರೋ ಎಂದು ಹೆದರಿದ್ದವಳು, ನಾನು ಹೋಗುವವರೆಗೆ ಸುಮ್ಮನೆ ಕೂತಿದ್ದಳು.

ಬೇಲೂರಿನ ಪಶುವೈದ್ಯೆ ಆಶಾರಾಣಿಯವರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. "ಶಿವಯ್ಯನವರೇ, ಒರಳು ನೋಡಿದ್ದೀರಲ್ಲ? ಗುಂಡು ಒರಳಲ್ಲಿ ಸರಿಯಾಗಿ ಕೂತರೆ ತಾನೇ ರುಬ್ಬೋದು? ಇವನ ಸೊಂಟದಲ್ಲಿ ಒರಳು ಆಳ ಇಲ್ಲ, ಗುಂಡು ಜಾರ್ತಾ ಇದೆ. ಎರಡೂ ಕಡೆ." ನಾನು ಕೇಳಿದೆ, ನಾವೇನಾದರೂ ತಪ್ಪು ಮಾಡಿದೆವಾ ಎಂದು. "ತೂಕ ಏರದ ಹಾಗೆ ನೋಡ್ಕೊಳ್ಳಿ, ಹಾರೋಕೆ ಬಿಡಬೇಡಿ, ನೀರಲ್ಲಿ ಈಜಿಸಿ. ಮುಂದೆ ಆಪರೇಷನ್ ಬೇಕಾಗಬಹುದು. ಆದ್ರೆ ಇದು ಹೆಚ್ಚಾಗಿ ಹುಟ್ಟಿನಿಂದ ಬರೋದು. ಇವನ ತಾಯಿ ಹೇಗೆ ನಡೀತಿದ್ಲು?"

ಮಾನ್ಯರೇ, ಹತ್ತೂರಿನ ಕರುಗಳ ತಾಯಿಯನ್ನು ನಡೆಸಿ ನೋಡಿದವನು ಆ ಕೋಣೆಯಲ್ಲಿ ತಲೆ ತಗ್ಗಿಸಿ ನಿಂತೆ.

ಇಂದ್ರೇಶ್ ಅವರಿಗೆ ಫೋನ್ ಮಾಡಿದೆ. ಅವರು ಜಗಳ ಮಾಡಲಿಲ್ಲ, ಅದನ್ನು ಹೇಳಲೇಬೇಕು. "ಅಯ್ಯೋ, ಬೇಜಾರ್ ಮಾಡ್ಕೋಬೇಡಿ ಅಂಕಲ್. ಅದನ್ನ ತಂದ್ ಬಿಟ್ಬಿಡಿ, ಮುಂದಿನ ಸೂಲಲ್ಲಿ ಇನ್ನೊಂದು ಮರಿ ಕೊಡ್ತೀನಿ."

"ಆ ಮರಿ ತಾಯಿ ಯಾವುದಪ್ಪ?"

"ಅದೇ ಅಂಕಲ್. ಅದೇ ಚಾಂಪಿಯನ್ ಲೈನು."

"ಇವನನ್ನೇನು ಮಾಡ್ತೀರಿ?"

ಲಕ್ಕಮ್ಮ ಫೋನ್ ಕಿತ್ತುಕೊಂಡಳು. "ಅಲ್ಲ ಕಣಪ್ಪ, ಇದೇನು ಸೋರೋ ಬಿಂದಿಗೆನಾ, ಅಂಗ್ಡಿಗೆ ತಗಂಡೋಗಿ ಬದ್ಲಾಯಿಸ್ಕಣಕೆ? ಹೆಸ್ರಿಕ್ಕಿ ಅನ್ನ ಇಕ್ಕಿವ್ನಿ. ಬದ್ಲಾಯಿಸ ಮಾತು ಬ್ಯಾಡ. ಇದ್ರವ್ವನ್ನ ತೋರ್ಸು, ನಾಳೆ ಬತ್ತೀವಿ."

ಹೋದೆವು. ಕೊಬ್ರಿಯನ್ನೂ ಭೀಮರಾಜನ ಆಟೋದಲ್ಲಿ ಕರೆದುಕೊಂಡು ಹೋದೆವು. ಇಂದ್ರೇಶ್ ಯಾರೊಂದಿಗೋ ಕಾಯಿ ಎಣಿಸುತ್ತಿದ್ದರು, ಕೂತಿರಿ ಎಂದರು. ಲಕ್ಕಮ್ಮ ಎಲ್ಲಿ ಕೂರುತ್ತಾಳೆ? ಕೊಬ್ಬರಿ ಅಟ್ಟದ ಹಿಂದೆ ನಾಯಿಗೂಡು ತೊಳೆಯುತ್ತಿದ್ದ ಮುನಿಯಮ್ಮ ಎಂಬಾಕೆಯ ಹತ್ತಿರ ಹೋಗಿ ಎಲೆಅಡಿಕೆ ಚೀಲ ಬಿಚ್ಚಿದಳು. ಎರಡು ಎಲೆ ಮಡಿಸುವುದರೊಳಗೆ ತಮ್ಮ ಕಚೇರಿಗೆ ಇಷ್ಟು ವರ್ಷದಲ್ಲಿ ತಿಳಿಯದ್ದು ಅವಳಿಗೆ ತಿಳಿದಿತ್ತು.

"ಡಾಲಿ ಮರಿ ಅಲ್ವಾ ಇದು? ನೋಡುದ್ರೇ ಗೊತ್ತಾಯ್ತದೆ ಕಣಕ್ಕ, ಅವ್ವನಂಗೇ ಎಳ್ಕಂಡು ಏಳ್ತದೆ" ಎಂದಳು ಮುನಿಯಮ್ಮ. "ಅದುಕ್ಕೆ ಎಷ್ಟು ವರ್ಷದಿಂದ್ಲೋ ಹಿಂಗೇ. ನಾಕು ಸೂಲಾಯ್ತು. ಹೊಟ್ಟೆ ತುಂಬ್ಕಂಡಾಗ ಏಳಕೇ ಆಗಾಕಿಲ್ಲ, ಕೂಳು ನಾನೇ ಬಾಯತ್ರ ಇಕ್ತೀನಿ. ದೀಪಾವಳಿ ಹೊತ್ಗೆ ಮತ್ತೆ ಕೂಡಿಸ್ತಾರಂತೆ."

ಆಕೆ ಕೊನೆಯ ಗೂಡಿನ ಬಾಗಿಲು ತೆಗೆದಳು. ಕಾಗದದಲ್ಲಿ ರಾಜಕುಮಾರಿಯ ಮಗಳಾಗಿದ್ದವಳು ಗೋಣಿಚೀಲದ ಮೇಲೆ ಮಲಗಿದ್ದಳು. ನಮ್ಮನ್ನು ಕಂಡು ಮುಂಗಾಲು ಊರಿದಳು, ನಿಂತಳು, ಹಿಂಭಾಗವನ್ನು ಎಳೆದಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಅದು ಅಭ್ಯಾಸ. ಏಳನೆಯ ಹೆಜ್ಜೆಗೆ ಕೂತಳು. ಕೊಬ್ರಿಯೇ ಅವಳ ಬಳಿಗೆ ಹೋದ, ಅದೇ ನಡಿಗೆಯಲ್ಲಿ. ಅವಳು ಅವನ ಕಿವಿ ನೆಕ್ಕಿದಳು. ಅಲ್ಲಿದ್ದವರಲ್ಲಿ ಯಾರೂ ಕಾಗದ ಕೇಳಲಿಲ್ಲ.

ಇಂದ್ರೇಶ್ ಬಂದರು. ಮುಖ ಸಣ್ಣಗಾಗಿತ್ತು. ಡಾಲಿಯನ್ನು ಇನ್ನು ಕೂಡಿಸಬೇಡಿ ಎಂದೆ. "ನನಗೂ ಗೊತ್ತಾಗುತ್ತೆ ಅಂಕಲ್. ಆದ್ರೆ ವರ್ಷಾ ವರ್ಷ ಆಫೀಸಿನೋರು ಬರ್ತಾರೆ, ಎಲ್ಲ ತೃಪ್ತಿಕರ ಅಂತ ಬರೆದು ಹೋಗ್ತಾರೆ. ಓದಿದೋರೇ ಸರಿ ಇದೆ ಅಂದ್ಮೇಲೆ ನಾನ್ಯಾಕೆ ನಿಲ್ಲಿಸ್ಲಿ? ಅವ್ರ ಕೈಲಿ ಒಂದು ಲೆಟರ್ ಬರೆಸಿ, ಅವತ್ತೇ ನಿಲ್ಲಿಸ್ತೀನಿ." ಕೊಬ್ರಿಯ ಔಷಧಿಯ ಖರ್ಚು ಕೊಡಲೂ ಒಪ್ಪಿದರು, ಇಲ್ಲಿಯವರೆಗೆ ಮಾತು ತಪ್ಪಿಲ್ಲ. ಆದ್ದರಿಂದ ನನ್ನ ಜಗಳ ಈಗ ಅವರೊಂದಿಗಲ್ಲ. ತಮ್ಮೊಂದಿಗೆ.

ನಮ್ಮಜ್ಜಿ ಮುದ್ದಮ್ಮ ಒಂದು ಕತೆ ಹೇಳುತ್ತಿದ್ದಳು. ಒಬ್ಬ ರಾಜ ಕುದುರೆ ಕೊಂಡನಂತೆ. ಮಾರಿದವನು ಕುದುರೆಯ ಜೊತೆ ಅದರ ವಂಶದ ಓಲೆಯನ್ನೂ ಕೊಟ್ಟ. ರಾಜ ಓಲೆಯನ್ನು ರೇಷ್ಮೆಯಲ್ಲಿ ಸುತ್ತಿ ಸಿಂಹಾಸನದ ಪಕ್ಕ ಇಟ್ಟ. ಯುದ್ಧದ ದಿನ ಕುದುರೆ ಕುಂಟಿತು. ರಾಜ ನಡೆದುಕೊಂಡೇ ವಾಪಸ್ಸು ಬಂದು ಮಂತ್ರಿಯನ್ನು ಕೇಳಿದರೆ, ಮಂತ್ರಿ ಓಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕುದುರೆ ಕುಂಟಿದೆ, ಓಲೆಯಲ್ಲಿ ಏನೂ ದೋಷವಿಲ್ಲ ಪ್ರಭು" ಎಂದನಂತೆ. ಕಸ ಗುಡಿಸುತ್ತಿದ್ದ ಮುದುಕಿ ಪೊರಕೆ ನಿಲ್ಲಿಸಿ, "ಹಂಗಾರೆ ನಾಳೀಕೆ ಓಲೆ ಮ್ಯಾಲೇ ಹತ್ಕಂಡು ಹೋಗಿ ಬುದ್ಧಿ" ಎಂದಳಂತೆ. ತಮ್ಮ ಉತ್ತರದ ಪತ್ರ ಓದಿದ ದಿನ ನನಗೆ ಆ ಮುದುಕಿ ನೆನಪಾದಳು. ತಳಿ ಶುದ್ಧ, ಆರೋಗ್ಯ ವ್ಯಾಪ್ತಿಯ ಹೊರಗೆ! ಹಾಗಾದರೆ ಲಕ್ಕಮ್ಮ ದಿನಾ ಆ ಕಾಗದಕ್ಕೆ ಹಗ್ಗ ಕಟ್ಟಿ ಮೇನ್ ರೋಡಿನಲ್ಲಿ ತಿರುಗಾಡಿಸಲೇ?

ಲಕ್ಕಮ್ಮನ ವಿಷಯಕ್ಕೆ ತಾವು ಚಿಂತಿಸಬೇಡಿ. ಹಾಲಿನ ಕ್ಯಾನು ಸಾಗಿಸುವ ಹಳೆಯ ತಳ್ಳುಗಾಡಿಯಲ್ಲಿ ಗೋಣಿ ಹಾಸಿ ಕೊಬ್ರಿಯನ್ನು ಕೂರಿಸಿ, ದಿನಾ ಬೆಳಿಗ್ಗೆ ಅವಳೇ ಕೆರೆಗೆ ತಳ್ಳಿಕೊಂಡು ಹೋಗುತ್ತಾಳೆ. ಅವನು ಈಜುತ್ತಾನೆ, ಇವಳು ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಅವನ ಜೊತೆ ಹೆಜ್ಜೆ ಹಾಕುತ್ತಾಳೆ. ಸಕ್ಕರೆ ಇಳಿದಿದೆ. ನಾಯಿ ಹೆಂಡತಿಯನ್ನು ನಡೆಸಲಿ ಎಂದು ತಂದೆ. ಈಗಲೂ ನಡೆಸುತ್ತಿದ್ದಾನೆ, ತಾನು ಗಾಡಿಯಲ್ಲಿ ಕೂತು. ಆದರೆ ಎಲ್ಲ ಮರಿಗೂ ಒಬ್ಬ ಲಕ್ಕಮ್ಮ, ಒಂದು ಕೆರೆ ಸಿಗುವುದಿಲ್ಲ. ದೀಪಾವಳಿಯ ಆಚೆ ಹುಟ್ಟುವ ಎಂಟು ಹತ್ತು ಮರಿಗಳ ಕಾಗದಕ್ಕೆ ತಮ್ಮ ಮೊಹರು ಬೀಳುತ್ತದೆ. ಅದನ್ನು ತಡೆಯುವುದು ತಮ್ಮ ಕೈಯಲ್ಲಿದೆ, ಇನ್ಯಾರ ಕೈಯಲ್ಲೂ ಇಲ್ಲ.

ಐದು ತಲೆಮಾರಿನ ಹೆಸರು ಹಿಡಿಸಿದ ಕಾಗದದಲ್ಲಿ ತಂದೆತಾಯಿಯ ಸೊಂಟದ ಎಕ್ಸ್‌ರೇಗೆ ಒಂದು ಸಾಲು ಜಾಗ ಮಾಡಿ. ಒಬ್ಬ ಚಕ್ರವರ್ತಿಯನ್ನು ಬಿಟ್ಟರೆ ಸಾಕು, ಜಾಗ ಆಗುತ್ತದೆ. ಮರಿ ಮಾರುವ ಮುನ್ನ ತಾಯಿಯನ್ನು ಬಿಚ್ಚಿ ಇಪ್ಪತ್ತು ಹೆಜ್ಜೆ ನಡೆಸಿ ತೋರಿಸಬೇಕು ಎಂದು ನಿಯಮ ಮಾಡಿ. ಇವು ನಿಧಾನಕ್ಕಾದರೂ ಆಗಲಿ. ಡಾಲಿಯದು ಮಾತ್ರ ದೀಪಾವಳಿಗೆ ಮುಂಚೆ ಆಗಬೇಕು. ಒಂದು ದಿನ ಅರಸೀಕೆರೆಗೆ ಬನ್ನಿ. ಮುಂದಿನ ಕೋಣೆಯಲ್ಲಿ ಕಾಫಿ ಕುಡಿದು ಸಹಿ ಹಾಕಿ ಹೋಗಬೇಡಿ, ಅಟ್ಟದ ಹಿಂದಕ್ಕೆ ಹೋಗಿ. ಮುನಿಯಮ್ಮ ಕೊನೆಯ ಗೂಡಿನ ಬಾಗಿಲು ತೆಗೆಯುತ್ತಾಳೆ. ಎಣಿಸಿ. ಡಾಲಿ ಇಪ್ಪತ್ತನೆಯ ಹೆಜ್ಜೆ ಇಟ್ಟರೆ ಈ ಪತ್ರವನ್ನು ಹರಿದುಹಾಕಿ, ನಾನು ಹಗರೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಏಳಕ್ಕೇ ಕೂತರೆ ತಾವೂ ಅವಳ ಪಕ್ಕ ಒಂದು ಗಳಿಗೆ ಕೂರಿ, ಲಕ್ಕಮ್ಮ ರಸ್ತೆಯಲ್ಲಿ ಕೂತ ಹಾಗೆ. ಎದ್ದ ಮೇಲೆ ಏನು ಬರೆಯಬೇಕೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಂತಿ,
ನೂರಾರು ಕರುಗಳ ತಾಯಿಯನ್ನು ನೋಡಿ, ಒಂದು ಮರಿಯ ತಾಯಿಯನ್ನು ನೋಡದೆ ಬಂದ
ಶಿವಯ್ಯ, ಹಗರೆ

(ಕೊಬ್ರಿಯ ಹೆಬ್ಬೆಟ್ಟು ಒತ್ತಿಸಬೇಕೆಂದು ಲಕ್ಕಮ್ಮ ಹಟ ಮಾಡಿದಳು. ಕೆಳಗಿರುವ ಕೆಸರಿನ ಗುರುತು ಅವನ ಮುಂಗಾಲಿನದು. ಆ ಕಾಲು ಗಟ್ಟಿಯಾಗಿದೆ.)