ಗೋಡೆಯ ಪಕ್ಕದ ಸೇವಂತಿಗೆ

ಸತ್ತೂರ, ಧಾರವಾಡ

ಪಕ್ಕದ ಮನೆಯ ಚನ್ನವೀರಯ್ಯನವರಿಗೆ ನಮಸ್ಕಾರ.

ದೀಪಾವಳಿ ಮುಗಿದರೂ ನಮ್ಮ ಸೇವಂತಿಗೆ ಅರಳುವುದನ್ನು ಬಿಟ್ಟಿಲ್ಲ, ನೀವು ಗೋಡೆಯಾಚೆಯಿಂದ ಕೈಚಾಚಿ ಕದಿಯುವುದನ್ನೂ ಬಿಟ್ಟಿಲ್ಲ. ನಿನ್ನೆ ನಿಮ್ಮ ಕೈ ತಗುಲಿ ಒಂದು ಕುಂಡ ಬಿದ್ದು ಒಡೆಯಿತು. ಕೇಳಿದರೆ, "ದೇವರ ಪೂಜಾಕ್ಕ ಹರಕೊಂಡೇನ್ರಿ ಕಸ್ತೂರೆವ್ವಾರ, ಅದ್ರಾಗೇನ ತಪ್ಪೈತ್ರಿ?" ಎಂದಿರಿ.

ನಮ್ಮ ಗೃಹಪ್ರವೇಶದ ದಿನ ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಅಡ್ಡಹೆಸರು ಕೇಳಿದಿರಿ. ಹೇಳಿದೊಡನೆ, "ಇವತ್ತ ಉಪಾಸ ಐತ್ರಿ, ನೀರೂ ಕುಡಿಯಂಗಿಲ್ರಿ" ಎಂದು ಲೋಟ ಕೆಳಗಿಟ್ಟಿರಿ. ಮೂರು ವರ್ಷವಾಯಿತು, ಆ ಉಪವಾಸ ಇನ್ನೂ ಮುಗಿದಿಲ್ಲ.

ಹೊಸ ಕುಂಡ ತಂದುಕೊಡಿ. ಹೂ ಬೇಕಾದರೆ ಗೇಟಿನಿಂದ ಬಂದು ಒಯ್ಯಿರಿ. ಆ ಗಿಡಗಳಿಗೆ ನಾನು ದಿನಾ ಹಾಕುವುದು ನೀವು ಕುಡಿಯದ ಅದೇ ನೀರು. ನಿಮ್ಮ ದೇವರು ಮಾತ್ರ ಇದುವರೆಗೆ ಉಪವಾಸವೆಂದು ಹೇಳಿಲ್ಲ.

ಗೋಡೆಯ ಈಚೆಯ
ಕಸ್ತೂರೆವ್ವ