ಒಂದೇ ಜೀನ್, ಎರಡು ಹೃದಯ

ಮಾರ್ಚ್ ೪, ಬಿಷ್ಕೆಕ್
ಇವತ್ತೂ ಉಪ್ಪಿಲ್ಲದ ಕುರಿಮಾಂಸದ ಸಾರು. ಆಸ್ಪತ್ರೆಗೆ ಒಯ್ದೆ. ಬಾತ್ಮಾ ಎರಡು ಚಮಚ ಕುಡಿದು ಪಕ್ಕಕ್ಕಿಟ್ಟಳು. ಕಾಲಿನ ಊತ ಇಳಿದಿದೆ. ಹೃದಯದ ಸ್ನಾಯು ತೆಳುವಾಗಿ ಹಿಗ್ಗಿದೆಯಂತೆ, ಪಂಪ್ ಮಾಡುವ ಶಕ್ತಿ ಅರ್ಧಕ್ಕಿಂತ ಕಡಿಮೆ. ನನಗೂ ಎಕೋ, ರಕ್ತಪರೀಕ್ಷೆ. ನಾನೂ ಬಾತ್ಮಾಳೂ ಒಂದೇ ರೂಪದ ಅವಳಿಗಳಲ್ಲವೇ... ನರ್ಸ್ ನನ್ನನ್ನೇ ಬಾತ್ಮಾ ಎಂದುಕೊಂಡು, “ಎದ್ದು ಓಡಾಡ್ಬೇಡ, ಹೋಗಿ ಮಲಕ್ಕೊ” ಎಂದು ಗದರಿದಳು.

ಏಪ್ರಿಲ್ ೯
ರಕ್ತಪರೀಕ್ಷೆಯ ಫಲಿತಾಂಶ ಬಂತು. ಹೃದಯ ಕೆಡಿಸುವ ಜೀನ್ ಇಬ್ಬರಲ್ಲೂ ಇದೆ. ನನ್ನ ಹೃದಯ ಮಾತ್ರ ಚೆನ್ನಾಗಿದೆ.

ಡಾಕ್ಟರ್ ತೊಲ್ಗೊನೈ ನಿಧಾನವಾಗಿ ಹೇಳಿದರು: “ಪಾಠ ಇಬ್ಬರಿಗೂ ಒಂದೇ. ಯಾವ ಸಾಲು ಓದ್ಬೇಕು, ಯಾವುದು ಬಿಡ್ಬೇಕು ಅಂತ ಜೀನ್ ಮೇಲೆ ಸಣ್ಣ ಗುರುತು ಬೀಳ್ತವೆ. ಬದುಕ್ತಾ ಬದುಕ್ತಾ ಅವು ಬದಲಾಗ್ತವೆ. ನಿಮ್ಮಿಬ್ಬರ ರಕ್ತದಲ್ಲಿ ಅವು ಬೇರೆ ಬೇರೆ ಇವೆ. ಹೃದಯದಲ್ಲೂ ಹಾಗೇನಾ, ಕಾಯಿಲೆ ಅದರಿಂದಲೇ ಬಂತಾ... ಖಚಿತವಾಗಿ ಹೇಳೋಕಾಗಲ್ಲ.”

ಬಾತ್ಮಾ ಕೇಳಿದ್ದು ಒಂದೇ: “ಹಾಗಾದ್ರೆ ನಾನೇನು ತಪ್ಪು ಮಾಡ್ದೆ?”

“ಏನೂ ಇಲ್ಲಮ್ಮ.”

ನಂಬಲಿಲ್ಲ ಅವಳು.

ಏಪ್ರಿಲ್ ೧೧
ಬಾತ್ಮಾಳ ಅತ್ತೆ ಸೈರಾಗುಲ್ ಬೆಟ್ಟದೂರು ನರಿನ್‌ನಿಂದ ಬಂದರು. ಜೊತೆಗೆ ಬಾತ್ಮಾಳ ಮಗಳು, ಮೂರು ವರ್ಷದ ಐಜಾ.

“ಒಂದೇ ಹೊಟ್ಟೇಲಿ ಹುಟ್ಟಿದವರು. ಜೂರಾ ಕಲ್ಲುಗುಂಡು ಇದ್ದಂಗಿದಾಳೆ. ನೀನೇ ಏನೋ ಹಾಳುಮಾಡ್ಕೊಂಡೆ” ಎಂದರು ಬಾತ್ಮಾಗೆ.

ನನಗೆ ತಡೆಯಲಾಗಲಿಲ್ಲ. “ಹಸಿ ಬಾಣಂತೀನ ಚಳೀಲಿ ಕುದುರೆ ಹಾಲು ಕರೆಯೋಕೆ ಕಳ್ಸಿದ್ದು ಯಾರು, ಅತ್ತೆ?”

ಮುದುಕಿಯ ಮುಖ ಬಿಳಿಚಿತು. ಬಾತ್ಮಾ ನನ್ನತ್ತ ತಿರುಗಿ, “ಬಿಡು ಜೂರಾ. ಡಾಕ್ಟರಿಗೇ ಗೊತ್ತಿಲ್ಲ, ನಿನಗೆ ಗೊತ್ತಾ? ತಪ್ಪು ನನ್ನ ಮೇಲೂ ಬೇಡ, ಅವರ ಮೇಲೂ ಬೇಡ” ಎಂದಳು.

ಸೈರಾಗುಲ್ ಐಜಾಳನ್ನು ತೊಡೆಗೆಳೆದುಕೊಂಡು, ಸಣ್ಣ ದನಿಯಲ್ಲಿ — “ಈ ಕೂಸಿಗೂ ನೋಡಿಸ್ಬೇಕೇನು?”

ಅದನ್ನು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಜೂನ್ ೨
ಬಾತ್ಮಾ ನನ್ನ ಮನೆಯಲ್ಲಿದ್ದಾಳೆ, ಸೈರಾಗುಲ್, ಐಜಾ ಕೂಡ. ಮಾತ್ರೆ ಹಿಡಿದಿದೆ. ಮೆಟ್ಟಿಲು ಹತ್ತುತ್ತಾಳೆ, ನಡುವೆ ಒಮ್ಮೆ ನಿಂತು.

ಬೆಳಿಗ್ಗೆ ಡಾಕ್ಟರ್ ಫೋನ್. ಐಜಾಗೂ ಆ ಜೀನ್ ಬಂದಿದೆ. ಹೃದಯ ಸದ್ಯಕ್ಕೆ ಸರಿಯಿದೆ. ವರ್ಷಕ್ಕೊಮ್ಮೆ ತೋರಿಸಬೇಕು.

ಸೈರಾಗುಲ್ ಚಹಾ ಬಗ್ಗಿಸುತ್ತ, “ಜೂರಾ ಥರಾನೇ ಬೆಳೀತಾಳೆ ಬಿಡು” ಎಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.

ಬಾತ್ಮಾ ನಕ್ಕಳು. “ನನ್ನ ಥರ ಬೆಳೆದ್ರೂ ನಾನಿದ್ದೀನಲ್ಲ, ಅತ್ತೆ.”

ಐಜಾ ಅಂಗಳದಲ್ಲಿ ನೆರೆಮನೆಯ ನಾಯಿಯ ಹಿಂದೆ ಓಡುತ್ತಿದ್ದಾಳೆ. “ಮೆಲ್ಲಗೆ” ಎನ್ನಲು ಬಾಯಿ ತೆರೆದೆ. ಬಾತ್ಮಾ ನನ್ನ ಕೈ ಒತ್ತಿದಳು. “ಓಡಲಿ ಬಿಡು” ಎಂದಳು.