ಮೂರನೇ ಹಾಡಿನ ಬೆಲ್ಟು

ಮಾರ್ಚ್ ೧೧, ಮಂಗಳವಾರ

ನಮ್ಮ ಪಂಕ್ ಬ್ಯಾಂಡಿನ ಆಲ್ಬಮ್ಮನ್ನು ಅಪ್ಪ ದುಡ್ಡು ಕೊಟ್ಟು ತಂದಿದ್ದಾರೆ. ನನಗೆ ಹೇಳಲೇ ಇಲ್ಲ.

ಸಂಜೆ ಅಪ್ಪನ ಗಡಿಯಾರದ ಅಂಗಡಿಗೆ ಹೋದರೆ, ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗಿಟ್ಟುಕೊಂಡು, ಆಲ್ಬಮ್ಮಿನೊಳಗೆ ಹಾಡುಗಳನ್ನು ಅಚ್ಚು ಹಾಕಿಸಿದ್ದ ಕಪ್ಪು ಹಾಳೆಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಓದುತ್ತಿದ್ದರು. ಮೂರನೇ ಹಾಡು: ಅಪ್ಪನ ಬೆಲ್ಟು, ಮಗನ ಬೆನ್ನಿನ ಬಾಸುಂಡೆ. ಎಲ್ಲರೂ ‘ಎಷ್ಟು ನಿಜ’ ಎಂದು ಹೊಗಳಿದ್ದು ಇದನ್ನೇ. ಎಳ್ಳಷ್ಟೂ ನಿಜವಲ್ಲ. ಅಪ್ಪ ನನ್ನ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ. ನನ್ನ ಕಿರುಚಾಟಕ್ಕೊಂದು ಕಾರಣ ಬೇಕಿತ್ತು, ಕಥೆ ಕಟ್ಟಿದೆ.

“ನಾನ್ ಯಾವಾಗ ಹೊಡೆದೆ? ಎಷ್ಟು ಯೋಚ್ನೆ ಮಾಡಿದ್ರೂ ನೆನಪಾಗ್ತಿಲ್ಲ,” ಎಂದರು. “ಹೊಡೆದಿದ್ರೆ ತಪ್ಪಾಯ್ತು ಕಣಪ್ಪ.”

ಮೈಕಿನ ಮುಂದೆ ಗಂಟಲು ಹರಿದುಕೊಳ್ಳುವ ನಾನು, ‘ಇಲ್ಲಪ್ಪ’ ಅನ್ನುವ ಬದಲು ಹಾಳೆಯನ್ನು ಮಡಚಿ ಆಲ್ಬಮ್ಮಿನೊಳಗೆ ತುರುಕಿದೆ.

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ನೋಡಿದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಸದಾ ನೇತಾಡುತ್ತಿದ್ದ ಅವರ ಬೆಲ್ಟು ಅಲ್ಲಿಲ್ಲ.